ಮೂಗಿಗೆ ತುಪ್ಪ ಸವರುವ ಮಿಡ್‌ಬ್ರೈನ್ ಆಕ್ಟಿವೇಶನ್

ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಮಗು ಒಂದು ಬಣ್ಣದ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಮೂಸುತ್ತೆ. "ಕೆಂಪು" ಅನ್ನುತ್ತೆ. ಕಾರ್ಡು ನಿಜವಾಗಲೂ ಕೆಂಪು! ಇನ್ನೊಂದು ಕಾರ್ಡು, ಇನ್ನೆರಡು ಸಲ ಮೂಸೋದು, "ಹಸಿರು". ಅದೂ ಸರಿ. ಆಮೇಲೆ ಪುಸ್ತಕ ಕೊಡುತ್ತಾರೆ, ಮಗು ಅದನ್ನೂ ಮೂಸಿ ಮೂಸಿ ಓದುತ್ತೆ. ಹಿಂದೆ ಕೂತ ಅಪ್ಪ ಅಮ್ಮ ಮೂಗಿನ ಮೇಲೆ ಬೆರಳಿಡುತ್ತಾರೆ. ಮುಂದಿನ ಬ್ಯಾಚಿನ ಫೀಸು ಅಲ್ಲೇ ಕಟ್ಟಿಸಿಕೊಳ್ಳುತ್ತಾರೆ.

ಇದರ ಹೆಸರು ಮಿಡ್‌ಬ್ರೈನ್ ಆಕ್ಟಿವೇಶನ್. ಮಲೇಷ್ಯಾ ಕಡೆಯಿಂದ ಬಂದ ವ್ಯಾಪಾರ ಇದು. 2010ರ ದಶಕದಲ್ಲಿ ನಮ್ಮ ರಾಜ್ಯದ ದೊಡ್ಡ ಊರುಗಳಲ್ಲೆಲ್ಲ ಹರಡಿತು, ಈಗ ಸಣ್ಣ ಊರುಗಳ ಸರದಿ. ಐದರಿಂದ ಹದಿನೈದು ವರ್ಷದ ಮಕ್ಕಳು, ಎರಡು ದಿನದ ಕ್ಯಾಂಪು, ಒಂದಿಷ್ಟು ಸಂಗೀತ, ಒಂದಿಷ್ಟು ಡ್ಯಾನ್ಸು, "ಆಲ್ಫಾ ಅಲೆ" ಅಂತ ಒಂದು ಮಂತ್ರ. ಅಷ್ಟಕ್ಕೆ ಮಗುವಿನ ನಡುಮೆದುಳು "ಓಪನ್" ಆಗುತ್ತಂತೆ, ಆಮೇಲೆ ಮೂಗಿನಿಂದ ಬಣ್ಣ ಕಾಣುತ್ತಂತೆ. ಹೋದ ಬೇಸಿಗೆಯಲ್ಲಿ ನಮ್ಮ ತೂಬಗೆರೆ ಬಸ್ ಸ್ಟ್ಯಾಂಡಿನ ಕಂಬದ ಮೇಲೂ ಇಂಥದ್ದೊಂದು ಪೋಸ್ಟರ್ ನೋಡಿದೆ. ಪಕ್ಕದಲ್ಲಿ ಬೋರ್‌ವೆಲ್ ಪಾಯಿಂಟ್ ಹಾಕಿಕೊಡುವವರ ಪೋಸ್ಟರ್ ಇತ್ತು. ಜೋಡಿ ಚೆನ್ನಾಗಿದೆ ಅನ್ನಿಸಿತು :-)

ಈ ವ್ಯಾಪಾರದ ಬಗ್ಗೆ "ಮೂಢನಂಬಿಕೆ" ಅಂತ ಒಂದು ಮಾತು ಬಿಸಾಕಿ ಸುಮ್ಮನಾಗುವವರು ಬೇಕಾದಷ್ಟು ಜನ. ನಂಗೆ ಅದು ಸಾಲದು. ಇವರು ಮೂಗಿನ ಹೆಸರು ಹೇಳಿ ದುಡ್ಡು ತಗೊಳ್ಳುತ್ತಿದ್ದಾರೆ. ಸರಿ, ಹಾಗಾದರೆ ಮೂಗಿನ ವಿಷಯವನ್ನೇ ಮಾತಾಡೋಣ. ಯಾಕಂದರೆ ಮೂಗಿನಿಂದ ಮೆದುಳಿಗೆ ಹೋಗುವ ವೈರಿಂಗ್ ಅಂದರೆ ಯಾರಿಗೂ ಗೊತ್ತಿಲ್ಲದ ರಹಸ್ಯ ಅಲ್ಲ. ಜೀವಶಾಸ್ತ್ರದಲ್ಲಿ ಚೆನ್ನಾಗಿ ಬಿಡಿಸಿ ನೋಡಿರುವ ವೈರಿಂಗ್‌ಗಳಲ್ಲಿ ಅದೂ ಒಂದು. ಅದರಲ್ಲಿ ಒಂದು ಪಾಲು ಕೆಲಸ ನಡೆದದ್ದು ನಾವು ದೊಡ್ಡಬಳ್ಳಾಪುರ, ಯಲಹಂಕ ದಾಟಿ ಬೆಂಗಳೂರಿಗೆ ಹೋಗುವಾಗ ಸಿಗುವ ಜಿಕೆವಿಕೆ ಒಳಗೆ.

ಮೊದಲು ಈ ನಡುಮೆದುಳು. ಅದು ಬೆರಳುಗಾತ್ರದ ಸಣ್ಣ ಭಾಗ, ಮೆದುಳಿನ ಕಾಂಡದ ಮೇಲ್ತುದಿಯಲ್ಲಿದೆ. ಕಣ್ಣುಗುಡ್ಡೆಯನ್ನು ಆ ಕಡೆ ಈ ಕಡೆ ತಿರುಗಿಸೋದು, ಕಿವಿಯಿಂದ ಬಂದ ಸುದ್ದಿಯನ್ನು ಮೇಲಕ್ಕೆ ದಾಟಿಸೋದು, ಕೈಕಾಲಿನ ಚಲನೆ ಹದದಲ್ಲಿಡೋದು, ನಮ್ಮನ್ನು ಎಚ್ಚರವಾಗಿಡೋದು ಇಂಥ ಕೆಲಸಗಳು ಅದಕ್ಕೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವ ನರಕೋಶಗಳು ಇರೋದೂ ಅಲ್ಲೇ. ನಿಮ್ಮ ಮಗುವಿನ ನಡುಮೆದುಳು "ಆಕ್ಟಿವೇಟ್" ಆಗಿಲ್ಲ ಅಂತ ಯಾರಾದರೂ ಹೇಳಿದರೆ, ಮಗು ಕೋಮಾದಲ್ಲಿದೆ ಅಂತ ಅರ್ಥ. ಕ್ಯಾಂಪಿಗಲ್ಲ, ಐಸಿಯುಗೆ ಸೇರಿಸಬೇಕು.

ಇನ್ನೂ ಮಜಾ ಏನಂದರೆ ವಾಸನೆ ಮೆದುಳಿಗೆ ಹೋಗುವ ಮುಖ್ಯ ದಾರಿಯಲ್ಲಿ ನಡುಮೆದುಳು ಬರೋದೇ ಇಲ್ಲ! ಮೂಗಿನ ಒಳಗೆ ಮೇಲ್ಛಾವಣಿಯಲ್ಲಿ ಒಂದು ತೆಳು ಪದರ ಇದೆ, ಅದರಲ್ಲಿ ಲಕ್ಷಾಂತರ ನರಕೋಶಗಳಿವೆ. ಅವುಗಳ ಎಳೆಗಳು ಜರಡಿಯಂಥ ಒಂದು ಮೂಳೆಯ ತೂತುಗಳಲ್ಲಿ ತೂರಿ, ಅದರ ಮೇಲೇ ಕೂತಿರುವ ಘ್ರಾಣ ಗೆಡ್ಡೆ ಅನ್ನುವ ಭಾಗಕ್ಕೆ ಹೋಗುತ್ತವೆ. ಅಲ್ಲಿಂದ ಸೀದಾ ಮೆದುಳಿನ ತೊಗಟೆಗೆ, ಭಯ ಸಿಟ್ಟು ನೋಡಿಕೊಳ್ಳುವ ಅಮಿಗ್ಡಲಕ್ಕೆ, ನೆನಪು ಕಟ್ಟುವ ಜಾಗದ ಬಾಗಿಲಿಗೆ. ಕಣ್ಣು, ಕಿವಿ, ಚರ್ಮದ ಸುದ್ದಿಗಳೆಲ್ಲ ತೊಗಟೆಗೆ ಹೋಗುವ ಮೊದಲು ಥಲಾಮಸ್ ಅನ್ನುವ ಜಂಕ್ಷನ್‌ನಲ್ಲಿ ಇಳಿದು ಹತ್ತುತ್ತವೆ. ಮೂಗು ಮಾತ್ರ ಯಲಹಂಕದಲ್ಲಿ ನಿಲ್ಲದ ಎಕ್ಸ್‌ಪ್ರೆಸ್ಸು. ಹಲಸಿನ ಹಣ್ಣಿನ ಘಮ ಬಂದ ತಕ್ಷಣ, "ಇದು ಹಲಸು" ಅಂತ ಹೆಸರು ಹೊಳೆಯುವ ಮೊದಲೇ ಅಜ್ಜಿ ಮನೆಯ ಹಜಾರ ಕಣ್ಣೆದುರು ಬರುತ್ತಲ್ಲ, ಅದಕ್ಕೆ ಈ ನೇರ ದಾರಿಯೂ ಒಂದು ಕಾರಣ ಅಂತಾರೆ. ಅಂದಹಾಗೆ ಈ ಕ್ಯಾಂಪುಗಳಲ್ಲಿ ನಡುಮೆದುಳು ನಿಜವಾಗಿ ಏನಾದರೂ ಕೆಲಸ ಮಾಡುತ್ತಿದ್ದರೆ, ಅದು ಕಣ್ಣುಗುಡ್ಡೆಯನ್ನು ಪಟ್ಟಿಯ ಸಂದಿಯ ಕಡೆ ತಿರುಗಿಸುವ ಕೆಲಸ. ಅದಕ್ಕೆ ಮತ್ತೆ ಬರುತ್ತೇನೆ.

ಈಗ ಜಿಕೆವಿಕೆ. ನಮ್ಮ ಕಡೆಯವರಿಗೆ ಜಿಕೆವಿಕೆ ಅಂದರೆ ಕೃಷಿ ಮೇಳ, ರಾಗಿ ತಳಿ, ಹಲಸಿನ ಬೆಳೆಗಾರರ ಸಂಘಕ್ಕೆ ಬೆನ್ನಿಗೆ ನಿಂತ ಕೃಷಿ ವಿಶ್ವವಿದ್ಯಾಲಯ. ವರ್ಷಕ್ಕೊಂದು ಸಲ ಟೆಂಪೋ ಮಾಡಿಕೊಂಡು ಹೋಗಿ ಬರುತ್ತಾರೆ. ಅದೇ ಕಾಂಪೌಂಡಿನೊಳಗೆ ಎನ್‌ಸಿಬಿಎಸ್ ಅಂತ ಒಂದು ಸಂಸ್ಥೆ ಇದೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಅದನ್ನು ಕಟ್ಟಿದವರು ಒಬೈದ್ ಸಿದ್ದೀಕಿ. 1962ರಲ್ಲಿ ಮುಂಬೈನ ಟಾಟಾ ಸಂಸ್ಥೆ ಟಿಐಎಫ್‌ಆರ್‌ಗೆ ಬಂದು ಜೀವಶಾಸ್ತ್ರದ ವಿಭಾಗ ಶುರು ಮಾಡಿದವರು, ಆಮೇಲೆ ಬೆಂಗಳೂರಿಗೆ ಬಂದರು. ಈ ಮನುಷ್ಯ ದಶಕಗಟ್ಟಲೆ ಕೂತು ನೋಡಿದ್ದು ಏನು ಗೊತ್ತಾ? ಕೊಳೆತ ಬಾಳೆಹಣ್ಣಿನ ಮೇಲೆ, ಸೀಳಿಟ್ಟ ಹಲಸಿನ ಮೇಲೆ ಹಾರಾಡುತ್ತಲ್ಲ ಎಳ್ಳುಕಾಳಿನಷ್ಟು ನೊಣ, ಡ್ರೋಸೋಫಿಲಾ, ಅದು ಹೇಗೆ ಮೂಸುತ್ತೆ, ಹೇಗೆ ರುಚಿ ನೋಡುತ್ತೆ ಅಂತ. ಇವರ ಬರಹ ಓದಿ, ಇವರ ಹತ್ತಿರವೇ ಪಿಎಚ್‌ಡಿ ಮಾಡಬೇಕು ಅಂತ ಹುಡುಕಿಕೊಂಡು ಬಂದವರು ವೆರೋನಿಕಾ ರೋಡ್ರಿಗಸ್. ಹುಟ್ಟಿದ್ದು ಕೀನ್ಯಾದಲ್ಲಿ, ಓದಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಜನ ಇಲ್ಲಿಂದ ಅಲ್ಲಿಗೆ ಓಡುತ್ತಿದ್ದ ಕಾಲದಲ್ಲಿ ಅವರು ಅಲ್ಲಿಂದ ಇಲ್ಲಿಗೆ ಬಂದರು!

1978ರಲ್ಲಿ ಇವರಿಬ್ಬರೂ ಸೇರಿ, ಕೆಲವು ವಾಸನೆ ಹಿಡಿಯಲಾಗದ ತಳಿಯ ನೊಣಗಳ ಬಗ್ಗೆ ಪ್ರಕಟಿಸಿದರು, ಅದೂ ಭಾರತದ್ದೇ ಒಂದು ಪತ್ರಿಕೆಯಲ್ಲಿ. ಒಂದು ಜೀನ್ ಕೆಟ್ಟರೆ ಒಂದು ಗುಂಪಿನ ವಾಸನೆ ಮಾತ್ರ ಹೋಗುತ್ತೆ, ಮಿಕ್ಕಿದ್ದು ಇರುತ್ತೆ. ಸಾಫ್ಟ್‌ವೇರಿನವರಿಗೆ ಇದರ ಬೆಲೆ ಥಟ್ಟನೆ ಗೊತ್ತಾಗುತ್ತೆ: ಒಂದು ಫಂಕ್ಷನ್ ತೆಗೆದು ಏನು ಮುರಿಯುತ್ತೆ ನೋಡೋದು. 1988ರಲ್ಲಿ ರೋಡ್ರಿಗಸ್, ಬೇರೆ ಬೇರೆ ವಾಸನೆಗೆ ನೊಣದ ಮೆದುಳಿನಲ್ಲಿ ಬೇರೆ ಬೇರೆ ಜಾಗಗಳು ಕೆಲಸ ಮಾಡುತ್ತವೆ ಅಂತ ವಿಕಿರಣ ಬೆರೆತ ಸಕ್ಕರೆಯಂಥ ಪದಾರ್ಥ ಉಪಯೋಗಿಸಿ ತೋರಿಸಿದರು. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ವಾಸನೆಯ ಗ್ರಾಹಕ ಜೀನುಗಳನ್ನು ಇಲಿಯಲ್ಲಿ ಕಂಡುಹಿಡಿದದ್ದು 1991ರಲ್ಲಿ, ಅದಕ್ಕೆ ನೊಬೆಲ್ ಸಿಕ್ಕಿದ್ದು 2004ರಲ್ಲಿ. ನೊಣದ ಗ್ರಾಹಕಗಳು ಸಿಕ್ಕಿದ್ದು 1999ರಲ್ಲಿ. ರೋಡ್ರಿಗಸ್ 2010ರಲ್ಲಿ, ಸಿದ್ದೀಕಿ 2013ರಲ್ಲಿ ತೀರಿಕೊಂಡರು. ನಮ್ಮ ಹೋಬಳಿಯಲ್ಲಿ ಇವರ ಹೆಸರು ಎಷ್ಟು ಜನಕ್ಕೆ ಗೊತ್ತು ಅಂತ ಕೇಳಲ್ಲ ಬಿಡಿ.

ಹಾಗಾದರೆ ಆ ವೈರಿಂಗ್ ಹೇಗಿದೆ? ನೊಣದ ಮೂಗು ಅದರ ಮೀಸೆ. ಒಂದೊಂದು ಪಕ್ಕದಲ್ಲಿ ಸುಮಾರು 1,300 ವಾಸನೆಯ ನರಕೋಶಗಳು. ಹೆಚ್ಚುಕಮ್ಮಿ ಒಂದು ನರಕೋಶಕ್ಕೆ ಒಂದೇ ಬಗೆಯ ಗ್ರಾಹಕ, ಅಂದರೆ ಒಂದೇ ಬಗೆಯ ಬೀಗ. ಅದಕ್ಕೆ ಹೊಂದುವ ಅಣುಗಳು ಬಂದು ಕೂತರೆ ನರಕೋಶ ಮಿಡಿಯುತ್ತೆ. ಒಂದೇ ಬಗೆಯ ಬೀಗ ಇರುವ ನರಕೋಶಗಳು ಮೀಸೆಯ ಮೇಲೆ ಅಲ್ಲೊಂದು ಇಲ್ಲೊಂದು ಬೇರೆಯವುಗಳ ಜೊತೆ ಬೆರೆತು ಕೂತಿರುತ್ತವೆ. ಆದರೆ ಅವುಗಳ ಎಳೆಗಳೆಲ್ಲ ಮೆದುಳಿನಲ್ಲಿ ಒಂದೇ ಜಾಗಕ್ಕೆ ಬಂದು ಸುತ್ತಿಕೊಳ್ಳುತ್ತವೆ, ನೂಲಿನ ಉಂಡೆ ಹಾಗೆ. ಗ್ಲೊಮೆರುಲಸ್ ಅನ್ನುತ್ತಾರೆ, ನಾನು ಉಂಡೆ ಅಂತಲೇ ಅನ್ನುತ್ತೇನೆ. ನೊಣಕ್ಕೆ ಇಂಥವು ಸುಮಾರು 50. ನಮ್ಮಲ್ಲೂ ಕ್ರಮ ಇದೇ, ಗ್ರಾಹಕದ ಬಗೆಗಳು ಸುಮಾರು 400. ಹಣ್ಣಾದ ಹಲಸಿನಿಂದ ಎಸ್ಟರ್ ಜಾತಿಯ ಹಲವು ಅಣುಗಳು ಹಾರಿ ಬರುತ್ತವೆ. ಅವು ಒಂದಿಷ್ಟು ಉಂಡೆಗಳನ್ನು ಜೋರಾಗಿ, ಇನ್ನೊಂದಿಷ್ಟನ್ನು ಮೆಲ್ಲಗೆ ಮಿಡಿಸುತ್ತವೆ. ಆ ಮಿಡಿತದ ವಿನ್ಯಾಸಕ್ಕೇ ಮೆದುಳು "ಹಲಸು" ಅನ್ನೋದು.

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕಂದರೆ ಇಡೀ ಮೋಸ ಸಿಕ್ಕಿಬೀಳೋದು ಇಲ್ಲೇ. ನಮ್ಮೂರ ಹಾಲಿನ ಡೇರಿ ನೆನಪು ಮಾಡಿಕೊಳ್ಳಿ. ಎಲ್ಲರೂ ತಂದ ಹಾಲನ್ನು ಒಂದೇ ಕ್ಯಾನಿಗೆ ಸುರಿಯುತ್ತಾರೆ. ಸುರಿದ ಮೇಲೆ ಕ್ಯಾನಿನ ಫ್ಯಾಟ್ ಎಷ್ಟು ಅಂತ ಅಳೆಯಬಹುದು, ಆದರೆ ಇದರಲ್ಲಿ ಯಾರ ಮನೆ ಹಸುವಿನ ಹಾಲು ಎಲ್ಲಿದೆ ಅಂತ ಬ್ರಹ್ಮ ಬಂದರೂ ಹೇಳಲಾರ. ಮೂಗಿನ ವೈರಿಂಗ್ ಇಂಥ ಕ್ಯಾನು. ಅಣು ಮೂಗಿನ ಪದರದ ಎಡಮೂಲೆಗೆ ತಾಗಿತೋ ಬಲಮೂಲೆಗೆ ತಾಗಿತೋ ಅನ್ನುವ ವಿಳಾಸ ಉಂಡೆಗೆ ಬರುವಷ್ಟರಲ್ಲಿ ಬಹುಪಾಲು ಅಳಿಸಿಹೋಗುತ್ತೆ. "ಯಾವ ಬಗೆ, ಎಷ್ಟು" ಅನ್ನೋದು ಉಳಿಯುತ್ತೆ, "ಎಲ್ಲಿ" ಅನ್ನೋದು ಹೋಗುತ್ತೆ. ಕಣ್ಣಿನದು ಇದಕ್ಕೆ ಪೂರ್ತಿ ಉಲ್ಟಾ. ಕಣ್ಣಿನ ಪರದೆಯ ಮೇಲೆ ಅಕ್ಕಪಕ್ಕದಲ್ಲಿರುವ ಬಿಂದುಗಳು ಮೆದುಳಿನಲ್ಲೂ ಅಕ್ಕಪಕ್ಕದಲ್ಲೇ ಬರುತ್ತವೆ, ಅದಕ್ಕೇ ಆಕಾರ ಕಾಣೋದು. 'ಕ' ಅಕ್ಷರಕ್ಕೂ 'ಗ' ಅಕ್ಷರಕ್ಕೂ ಇರುವ ವ್ಯತ್ಯಾಸ ಶಾಯಿಯದ್ದಲ್ಲ, ಶಾಯಿ ಎಲ್ಲಿದೆ ಅನ್ನೋದರದ್ದು. ಆ "ಎಲ್ಲಿ" ಅನ್ನೋದನ್ನೇ ಎಸೆದುಬಿಡುವ ಅಂಗದಿಂದ ಓದಿಸುತ್ತೀವಿ ಅಂತಾರಲ್ಲ ಇವರು!

ಇದಕ್ಕೆ ಒಂದು ಒಳ್ಳೆಯ ಆಕ್ಷೇಪ ಇದೆ. ಕ್ಯಾಂಪಿನವರಿಗೆ ಅದು ಗೊತ್ತಿಲ್ಲ, ನಾನೇ ಹೇಳಿಬಿಡುತ್ತೇನೆ. 2006ರಲ್ಲಿ ಇದೇ ಎನ್‌ಸಿಬಿಎಸ್‌ನ ಉಪಿಂದರ್ ಭಲ್ಲಾ ಮತ್ತು ಜೊತೆಗಾರರು ಇಲಿಗಳು ಸ್ಟೀರಿಯೋದಲ್ಲಿ ಮೂಸುತ್ತವೆ ಅಂತ ತೋರಿಸಿದರು. ವಾಸನೆ ಎಡಗಡೆಯಿಂದ ಬಂತಾ ಬಲಗಡೆಯಿಂದ ಬಂತಾ ಅಂತ ಇಲಿ ಒಂದೆರಡು ಸಲ ಮೂಸೋದರೊಳಗೆ ಹೇಳುತ್ತೆ, ಎರಡು ಹೊಳ್ಳೆಗಳನ್ನು ಹೋಲಿಸಿ. ಹಾಗಾದರೆ ಮೂಗಿಗೂ "ಎಲ್ಲಿ" ಗೊತ್ತು ಅಂತಾಯ್ತಲ್ಲ? ಆಯ್ತು. ಎರಡು ಹೊಳ್ಳೆ, ಎರಡು ಪಿಕ್ಸೆಲ್. ಎರಡು ಪಿಕ್ಸೆಲ್ಲಿನ ಕ್ಯಾಮೆರಾದಲ್ಲಿ ಪಠ್ಯಪುಸ್ತಕ ಓದಿ ತೋರಿಸಿ, ನಾನು ಕೆಲಸ ಬಿಟ್ಟು ನಿಮ್ಮ ಫ್ರಾಂಚೈಸಿ ತಗೊಳ್ಳುತ್ತೇನೆ.

"ತರಬೇತಿಯಿಂದ ಮೂಗು ಚುರುಕಾಗಲ್ವಾ?" ಅಂತ ಕೇಳಿದರೆ, ಆಗುತ್ತೆ ಸ್ವಾಮಿ, ಖಂಡಿತಾ ಆಗುತ್ತೆ. ನೊಣದಲ್ಲಿ ಉಂಡೆಗಳಿಂದ ಹೊರಟ ದಾರಿ ಎರಡಾಗಿ ಕವಲೊಡೆಯುತ್ತೆ. ಒಂದು ಕವಲು ಹೆಚ್ಚಾಗಿ ಹುಟ್ಟುಗುಣದ್ದು. ಮಣ್ಣಿನ ಘಮ ಇದೆಯಲ್ಲ, ಮೊದಲ ಮಳೆ ಬಿದ್ದಾಗ ನಮಗೆ ಪ್ರಾಣ ಹೋಗಿ ಬಂದ ಹಾಗೆ ಆಗುತ್ತಲ್ಲ, ಅದರಲ್ಲಿ ಜಿಯೋಸ್ಮಿನ್ ಅನ್ನುವ ಅಣು ಇದೆ, ಮಣ್ಣಿನ ಬ್ಯಾಕ್ಟೀರಿಯಾ ಮಾಡೋದು. ನೊಣಕ್ಕೆ ಅದು ಬೂಸಲು, ವಿಷದ ಸೂಚನೆ. 2012ರಲ್ಲಿ ಗೊತ್ತಾಗಿದ್ದು, ನೊಣದಲ್ಲಿ ಅದಕ್ಕೆ ಅಂತಲೇ ಒಂದು ಗ್ರಾಹಕ, ಒಂದು ಉಂಡೆ ಮೀಸಲಿದೆ, ಅದು ಮಿಡಿದರೆ ನೊಣ ಹಿಂದೆ ಸರಿಯುತ್ತೆ. ಅದೇ ಅಣು, ನಮಗೆ ಸುಗ್ಗಿ, ಅದಕ್ಕೆ ಗಂಡಾಂತರ! ಇನ್ನೊಂದು ಕವಲು ಕಲಿಕೆಯದ್ದು. ಒಂದು ವಾಸನೆಯ ಜೊತೆ ಸಕ್ಕರೆ ಸಿಕ್ಕರೆ ನೊಣ ಮುಂದಿನ ಸಲ ಅದರ ಕಡೆ ಹೋಗುತ್ತೆ, ಶಾಕ್ ಹೊಡೆದರೆ ದೂರ ಸರಿಯುತ್ತೆ. ನಾಲ್ಕು ದಿನ ಒಂದೇ ವಾಸನೆಯಲ್ಲಿ ಇಟ್ಟರೆ ಅದಕ್ಕೆ ಒಗ್ಗಿ ಸುಮ್ಮನಾಗುತ್ತೆ; ಹಾಗೆ ಒಗ್ಗುವಾಗ ಯಾವ ನರಕೋಶಗಳು ಬದಲಾಗುತ್ತವೆ ಅನ್ನೋದರ ಮೇಲೂ ಎನ್‌ಸಿಬಿಎಸ್‌ನವರು ಕೆಲಸ ಮಾಡಿದ್ದಾರೆ, 2011ರಲ್ಲಿ ಪ್ರಕಟವಾಯಿತು. 2024ರಲ್ಲಂತೂ ಇಡೀ ನೊಣದ ಮೆದುಳಿನ ನಕ್ಷೆಯೇ ಬಂತು, ಸುಮಾರು 1,39,000 ನರಕೋಶಗಳು, ಯಾವುದು ಯಾವುದಕ್ಕೆ ತಾಗಿದೆ ಅನ್ನೋದರ ಸಮೇತ. (ನಮ್ಮ ಭಾಷೆಯಲ್ಲಿ "ವಾಸನೆ" ಅಂದರೆ ಹಿಂದಿನದ್ದು ಮನಸ್ಸಿನಲ್ಲಿ ಉಳಿಸಿಹೋದ ಗುರುತು ಅಂತಲೂ ಅರ್ಥ ಇದೆ. ಪೂರ್ವಜನ್ಮದ ವಾಸನೆ ಅಂತೀವಲ್ಲ. ಆ ಪದ ಮಾಡಿದವರಿಗೆ ನಮಸ್ಕಾರ.)

ಅಂದರೆ ತರಬೇತಿ ಬದಲಾಯಿಸೋದು ವಾಸನೆಗೆ ಮೆದುಳು ಕೊಡುವ ಅರ್ಥವನ್ನು, ಅದರ ಹೆಸರನ್ನು, ಅದಕ್ಕೆ ನಾವು ಏನು ಮಾಡುತ್ತೀವಿ ಅನ್ನೋದನ್ನು. ಡೇರಿ ಸೆಕ್ರೆಟರಿ ಕ್ಯಾನಿನ ಮುಚ್ಚಳ ತೆಗೆದ ತಕ್ಷಣ ಹಾಲು ಹುಳಿಯೋಕೆ ಶುರುವಾಗಿದೆ ಅಂತಾನೆ. ಹಲಸಿನ ವ್ಯಾಪಾರಿ ಕಾಯಿ ತಟ್ಟಿ, ತೊಟ್ಟಿನ ಹತ್ತಿರ ಮೂಸಿ, ನಾಳೆಗೆ ಹಣ್ಣು ಅಂತಾನೆ. ಇದು ನಿಜವಾದ ತರಬೇತಿ, ವರ್ಷಗಟ್ಟಲೆ ತಗೊಂಡದ್ದು, ಫೀಸಿಲ್ಲ, ಸರ್ಟಿಫಿಕೇಟಿಲ್ಲ. ಆದರೆ ಕಾರ್ಡಿನಿಂದ ಹಾರಿ ಬಾರದ ಸುದ್ದಿಯನ್ನು ಯಾವ ತರಬೇತಿಯೂ ಮೂಗಿಗೆ ತರಲ್ಲ. ಬಣ್ಣ ಅನ್ನೋದು ಬೆಳಕಿನ ವಿಷಯ.

ನಾನು ಇಷ್ಟು ಸಿಟ್ಟಿನಿಂದ ಬರೆಯೋಕೆ ಕಾರಣ ನೊಣ ಅಲ್ಲ, ನನ್ನ ಅಕ್ಕನ ಮಗ. ಹತ್ತು ವರ್ಷ. ಅಕ್ಕ ಭಾವ ದೊಡ್ಡಬಳ್ಳಾಪುರದಲ್ಲಿ ಮನೆಯಲ್ಲೇ ಪವರ್‌ಲೂಮ್ ಇಟ್ಟುಕೊಂಡಿದ್ದಾರೆ. ಸೀರೆಗೆ ಇಷ್ಟು ಅಂತ ಬರುವ ಕೂಲಿ. ಚೀಟಿ ಎತ್ತಿದ ದುಡ್ಡಿನಲ್ಲಿ 12,000 ಕಟ್ಟಿ ಅವನನ್ನು ಇಂಥದ್ದೊಂದು ಕ್ಯಾಂಪಿಗೆ ಕಳಿಸಿದ್ದರು. ರಜೆಗೆ ತೂಬಗೆರೆಗೆ ಬಂದಾಗ ಮನೆಮಂದಿಗೆಲ್ಲ ತೋರಿಸಿದ, ಎಲ್ಲ ಸರಿ ಹೇಳಿದ. ನಾನು ಕಾರ್ಡನ್ನು ಅವನ ಹಣೆಗಿಂತ ಮೇಲೆ ಹಿಡಿದೆ. ಮೂಸಿದ, ಸುಮ್ಮನಾದ. ತಲೆ ನೋಯುತ್ತೆ ಅಂದ. ನಾನು ಕಾರ್ಡು ಕೆಳಗಿಟ್ಟು, ಸುಸ್ತಾಗಿದೆ ಬಿಡಿ ಅಂದೆ.

ಸಂಜೆ ತೋಟದ ಕಡೆ ಹೋದಾಗ ಅವನೇ ಶುರು ಮಾಡಿದ. "ಮಾವ, ಮೂಗಿನ ಪಕ್ಕ ಸಂದಿ ಇರ್ತದೆ. ಅಲ್ಲಿಂದ ಕಾಣ್ತದೆ. ಎಲ್ಲಾರೂ ಹಂಗೇ ಮಾಡೋದು."

"ಸರ್‌ಗೆ ಗೊತ್ತಾ?"

"ಸರ್ ಕಾಣ್ತಾ ಇದೆಯಾ ಅಂತ ಕೇಳಲ್ಲ. ಬಣ್ಣ ಬಂತಾ ಅಂತ ಕೇಳ್ತಾರೆ. ಮೊದಲ್ನೇ ದಿನ ನಾನು ಬರಲಿಲ್ಲ ಅಂದೆ. ನಿಂಗೆ ಇನ್ನೂ ಓಪನ್ ಆಗಿಲ್ಲ ಅಂದ್ರು. ಎಲ್ಲರೂ ನನ್ನೇ ನೋಡಿದ್ರು. ಎರಡ್ನೇ ದಿನ ಪಕ್ಕದ ಹುಡುಗಿ ಹೇಳ್ಕೊಟ್ಲು." ಸ್ವಲ್ಪ ಹೊತ್ತು ಬಿಟ್ಟು, "ಅಮ್ಮಂಗೆ ಹೇಳ್ಬೇಡ ಮಾವ, ಚೀಟಿ ದುಡ್ಡು ಕಟ್ಟವ್ಳೆ."

ಇದನ್ನು ಇನ್ನೊಂದು ಸಲ ಓದಿ. ಮೊದಲ ದಿನ ನಿಜ ಹೇಳಿದ ಮಗುವಿಗೆ ಅವಮಾನ, ಎರಡನೇ ದಿನ ಸುಳ್ಳು ಹೇಳಿದ ಮಗುವಿಗೆ ಚಪ್ಪಾಳೆ. 12,000 ರೂಪಾಯಿ ಹೋಗಲಿ, ನಾಲ್ಕು ತಿಂಗಳಲ್ಲಿ ದುಡಿದುಕೊಳ್ಳುತ್ತಾರೆ. ಅಮ್ಮನ ಮುಖ ನೋಡಿಕೊಂಡು ಸುಳ್ಳನ್ನು ಕಾಪಾಡಿಕೊಂಡು ಬರಬೇಕಾದ ಭಾರ ಹತ್ತು ವರ್ಷದ ಹುಡುಗನ ಮೇಲೆ ಹೇರಿದ್ದಕ್ಕೆ ಯಾರು ರೀಫಂಡ್ ಕೊಡುತ್ತಾರೆ? ಅವನನ್ನೇ ಜೊತೆಗೆ ಕೂರಿಸಿಕೊಂಡು, ಅವನು ಹೂಂ ಅಂದ ಮೇಲೆ ಅಕ್ಕನಿಗೆ ಹೇಳಿದೆ. ಅಕ್ಕ ಅವನ ತಲೆ ಸವರಿ ಲೂಮಿನ ಹತ್ತಿರ ಹೋದಳು, ಅಷ್ಟೇ. ಬೈದಿದ್ದರೆ ನಂಗೆ ಸ್ವಲ್ಪ ಹಗುರ ಅನ್ನಿಸುತ್ತಿತ್ತೇನೋ.

ಈ ಸಂದಿಯ ಕಥೆ ಹೊಸದೇನಲ್ಲ. 1960ರ ದಶಕದಲ್ಲಿ ರಷ್ಯಾದ ರೋಸಾ ಕುಲೆಶೋವಾ ಅನ್ನುವ ಹೆಂಗಸು ಕಣ್ಣು ಕಟ್ಟಿಕೊಂಡು ಬೆರಳಿನಿಂದ ಓದುತ್ತಾರೆ ಅಂತ ಜಗತ್ತೆಲ್ಲ ಸುದ್ದಿಯಾಗಿತ್ತು. 1966ರಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈನ್ಸ್' ಪತ್ರಿಕೆಯಲ್ಲಿ ಇಂಥವರ ಬಗ್ಗೆ ಬರೆದರು, ಮೂಗಿನ ಗುಂಟ ಇಣುಕುವ ಆಟ ಇದು ಅಂತ. ಮೂಗು ಉಬ್ಬಿರೋದರಿಂದ ಯಾವ ಬಟ್ಟೆ ಕಟ್ಟಿದರೂ ಅದರ ಎರಡೂ ಪಕ್ಕ ಸಂದಿ ಉಳಿಯುತ್ತೆ. ನಮ್ಮಲ್ಲಿ ಮಂಗಳೂರಿನ ನರೇಂದ್ರ ನಾಯಕ್ ವರ್ಷಗಟ್ಟಲೆ ಇದನ್ನೇ ಹೇಳುತ್ತಾ, ಮಾಡಿ ತೋರಿಸುತ್ತಾ ಬಂದಿದ್ದಾರೆ. ಬಯೋಕೆಮಿಸ್ಟ್ರಿ ಪಾಠ ಮಾಡುತ್ತಿದ್ದವರು. ಹಾಗಾಗಿ ಕ್ಯಾಂಪಿನಲ್ಲಿ ಮೂಗಿಗೆ ಒಂದು ಕೆಲಸ ಇದ್ದೇ ಇದೆ: ಮೂಸೋದಲ್ಲ, ಪಟ್ಟಿಯನ್ನು ಎತ್ತಿ ಹಿಡಿಯೋದು. ಮೂಸುವ ನಾಟಕ ಯಾಕೆ ಅಂದರೆ, ಮೂಸಬೇಕಾದರೆ ಕಾರ್ಡನ್ನು ಮೂಗಿನ ಕೆಳಗೇ ಹಿಡಿಯಬೇಕಲ್ಲ.

"ಶಾಯಿಗೆ ವಾಸನೆ ಇರುತ್ತೆ, ಕೆಂಪು ಶಾಯಿ ಬೇರೆ ಹಸಿರು ಬೇರೆ" ಅಂತ ಒಬ್ಬ ಸಹೋದ್ಯೋಗಿ ವಾದಿಸಿದ. ಇರಬಹುದು, ಕಾರ್ಡನ್ನು ಗಾಜಿನ ಹಿಂದೆ ಇಡಿ. "ನಾಯಿಗೆ ಎಷ್ಟು ಗೊತ್ತಾಗುತ್ತೆ ನೋಡು" ಅಂದ. ನಾಯಿಗೆ ಗ್ರಾಹಕದ ಬಗೆಗಳು ನಮ್ಮ ಎರಡರಷ್ಟು, ಸುಮಾರು 800. ಆದರೂ ಇಷ್ಟು ವರ್ಷದಲ್ಲಿ ಒಂದು ನಾಯಿಯೂ ಪೇಪರಿನ ಹೆಡ್ಡಿಂಗ್ ಓದಿದ್ದು ಕೇಳಿಲ್ಲ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅವನೂ ಕೇಳಲಿಲ್ಲ, ಕ್ಯಾಂಪಿನವರೂ ಕೇಳಿಕೊಳ್ಳಲ್ಲ. ಮೂಗಿನಿಂದ ಓದಿಸೋಕೆ ಎರಡು ದಿನ ಸಾಕಾದರೆ, ಇವರು ಮೊದಲು ಹೋಗಬೇಕಾದದ್ದು ಅಂಧ ಮಕ್ಕಳ ಶಾಲೆಗೆ ಅಲ್ವಾ? ಅಲ್ಲಿ ಮಕ್ಕಳು ಬೆರಳಿನಲ್ಲಿ ಬ್ರೈಲ್ ಕಲಿಯುತ್ತಿದ್ದಾರೆ, ವರ್ಷಗಟ್ಟಲೆ ಕಷ್ಟಪಟ್ಟು. ಅಲ್ಲಿಗೆ ಇವರು ಹೋಗಲ್ಲ. ನೋಡುವ ಕಣ್ಣಿರುವ ಮಕ್ಕಳು ಮಾತ್ರ ಬೇಕು ಇವರಿಗೆ.

ಶಾಲೆಯವರಿಗೂ ಒಂದು ಮಾತು. ನನ್ನ ಅಕ್ಕನ ಮಗನ ಕ್ಯಾಂಪು ನಡೆದದ್ದು ಒಂದು ಶಾಲೆಯ ಹಾಲ್‌ನಲ್ಲಿ. ಅಲ್ಲೇ ಗೋಡೆಗೆ ಜ್ಞಾನೇಂದ್ರಿಯಗಳ ಚಾರ್ಟು ನೇತುಹಾಕಿತ್ತಂತೆ, ಕಣ್ಣು ಕಿವಿ ಮೂಗು ನಾಲಿಗೆ ಚರ್ಮ. ವಾರಪೂರ್ತಿ ಅದನ್ನು ತೋರಿಸಿ ಪಾಠ ಮಾಡಿ, ಶನಿವಾರ ಭಾನುವಾರ ಅದರ ಕೆಳಗೇ ಅದನ್ನು ಸುಳ್ಳು ಮಾಡುವವರಿಗೆ ಬಾಡಿಗೆಗೆ ಕೊಡುತ್ತೀರಲ್ಲ, ಮಕ್ಕಳು ಯಾವುದನ್ನು ನಂಬಬೇಕು?

ಪರೀಕ್ಷೆ ಮಾಡೋದು ಬಹಳ ಸುಲಭ, ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಈಜುವವರ ಕನ್ನಡಕ ತಗೊಳ್ಳಿ, ಗಾಜಿನ ಒಳಗಡೆಗೆ ಕಪ್ಪು ಕಾಗದ ಅಂಟಿಸಿ, ಅದನ್ನು ಹಾಕಿ. ಇಲ್ಲವೇ ಪಟ್ಟಿ ಅವರದ್ದೇ ಇರಲಿ, ಕಾರ್ಡನ್ನು ಮಗುವಿನ ತಲೆಯ ಹಿಂದೆ ಹಿಡಿಯಿರಿ. ಯಾವ ಕಾರ್ಡು ಅಂತ ಹಿಡಿದವರಿಗೂ ಗೊತ್ತಿರಬಾರದು. ಇಪ್ಪತ್ತು ಸಲ ಮಾಡಿ, ಬರೆದಿಟ್ಟುಕೊಳ್ಳಿ. ಮಗುವನ್ನು ಮಾತ್ರ ಜನರ ಮಧ್ಯೆ ನಿಲ್ಲಿಸಿ ಸೋಲಿಸಬೇಡಿ. ಸೋಲಬೇಕಾದವರು ಬೇರೆ ಇದ್ದಾರೆ, ಅವರ ಕಣ್ಣಿಗೇ ಕಟ್ಟಿ.

ಯಾವುದಾದರೂ ಕ್ಯಾಂಪಿನವರಿಗೆ ಧೈರ್ಯ ಇದ್ದರೆ ಜೂನ್ ತಿಂಗಳಲ್ಲಿ ನಮ್ಮೂರಿಗೆ ಬನ್ನಿ. ಹತ್ತು ಹಲಸು ಸಾಲಾಗಿ ಇಡುತ್ತೇನೆ, ಒಂದನ್ನೂ ಕೊಯ್ದಿರಲ್ಲ. ನಿಮ್ಮ ಹೆಡ್ ಟ್ರೈನರ್ ಒಂದು ಕಡೆ, ನನ್ನ ಅಜ್ಜಿ ಇನ್ನೊಂದು ಕಡೆ, ಇಬ್ಬರಿಗೂ ಈಜುವವರ ಕನ್ನಡಕ. ಯಾವುದು ಇವತ್ತು ಹಣ್ಣು, ಯಾವುದು ನಾಳಿದ್ದಿಗೆ ಅಂತ ಹೇಳಬೇಕು. ಆಮೇಲೆ ಕೊಯ್ದು ನೋಡೋಣ. ಅಜ್ಜಿಗೆ ಕ್ಯಾಟರಾಕ್ಟ್ ಬಂದು ಎಡಗಣ್ಣು ಹೆಚ್ಚುಕಮ್ಮಿ ಕಾಣಲ್ಲ. ಫೀಸು ಏನೂ ಬೇಡ, ಕೈಗೆ ಹಚ್ಚಿಕೊಳ್ಳೋಕೆ ಎಣ್ಣೆ ನಾವೇ ಕೊಡುತ್ತೀವಿ.